ಗೆಜ್ಜೆ ತುಂಬ ಬಂಗಾರ

ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅನ್ನಕ್ಕಿಡುತ್ತಿರಲಿಲ್ಲ. ಅವ್ವ ಹಿಂದಿನ ರಾತ್ರಿಯೇ ಸಾಬೂದಾಣಿ ನೆನೆಹಾಕಿರುತ್ತಿದ್ದಳು. ಬೆಳಿಗ್ಗೆ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಜೀರಿಗೆ ಸಿಡಿಸಿ, ಹಸಿಮೆಣಸಿನಕಾಯಿ ಸೀಳಿ ಹಾಕಿ, ಬಟಾಟಿ ಹೋಳು ಬಾಡಿಸಿ, ಸಾಬೂದಾಣಿ ಸುರುವಿ, ಮೇಲೆ ಹುರಿದು ಕುಟ್ಟಿದ ಶೇಂಗಾಪುಡಿ ಉದುರಿಸುತ್ತಿದ್ದಳು. ಕಾಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಂತರೆ ಖಿಚಡಿ ಗೆದ್ದಂತೆ. ಉಪವಾಸದ ಹೆಸರಿನಲ್ಲಿ ನಾವು ಮಕ್ಕಳು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆವು. ಅದು ಬೇರೆ ಮಾತು.

ಕಾಲೇಜು ಸೇರಿ ನಾಲ್ಕು ಪುಸ್ತಕ ಓದಿದ ಹೊಸತರಲ್ಲಿ ಒಂದು ಏಕಾದಶಿ ಅವಳಿಗೇ ಪಾಠ ಹೇಳಲು ಹೋದೆ.

"ಅವ್ವಾ, ಈ ಬಟಾಟಿ, ಮೆಣಸಿನಕಾಯಿ, ಶೇಂಗಾ, ಸಾಬೂದಾಣಿ ಮಾಡೋ ಮರಗೆಣಸು, ನಾಕೂ ನಮ್ಮ ದೇಶದ್ದಲ್ಲ. ಆರುನೂರು ವರ್ಷದ ಹಿಂದ ಇಲ್ಲೆ ಒಂದೂ ಇರಲಿಲ್ಲ. ಎಲ್ಲಾ ಅಮೆರಿಕಾದಿಂದ ಬಂದಾವ."

"ಹಂಗಾರ ಯಾರು ಕೊಟ್ರಪಾ ಇವನ್ನ?" ಅವ್ವ ಸೌಟು ತಿರುವುತ್ತಲೇ ಕೇಳಿದಳು.

"ಪೋರ್ಚುಗೀಸರು."

"ಅವರು ತಂದ್ರು. ಬೆಳದವರು ಯಾರಂತ?"

ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ ಎಂದೇನಲ್ಲ, ನಾನು ಆ ಪುಟದವರೆಗೆ ಹೋಗಿರಲಿಲ್ಲ.

ತಂದವರನ್ನು ನಮ್ಮ ಕನ್ನಡ ಚೆನ್ನಾಗಿ ನೆನಪಿಟ್ಟುಕೊಂಡಿದೆ. ಪಪ್ಪಾಯಿಯನ್ನು ಇಂದಿಗೂ ಪರಂಗಿ ಹಣ್ಣು ಎನ್ನುತ್ತೇವೆ, ಅಂದರೆ ಫರಂಗಿಯವರ ಹಣ್ಣು. ಮೆಕ್ಕೆಜೋಳದ ಮೆಕ್ಕೆಯನ್ನು ಅರಬರ ಮೆಕ್ಕಾ ಪಟ್ಟಣಕ್ಕೆ ಜೋಡಿಸಿ ಹೇಳುವವರಿದ್ದಾರೆ. ಸೀತಾಫಲವನ್ನಂತೂ ಸೀತಮ್ಮನ ಹೆಸರಿಗೇ ಬರೆದುಬಿಟ್ಟೆವು. ಬೆಳೆದವರ ಗುರುತು ಎಲ್ಲಿಯೂ ಉಳಿದಿಲ್ಲ ಎಂದುಕೊಂಡಿದ್ದೆ. ಬಹಳ ವರ್ಷಗಳ ಮೇಲೆ ತಿಳಿಯಿತು, ಅದು ಅವ್ವನ ಬಾಣಲೆಯಲ್ಲೇ ಇತ್ತು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆ ನಾವು ದಿನಕ್ಕೆ ಹತ್ತು ಸಲ ಆಡುವ ಬಟಾಟಿ ಎಂಬ ಮಾತು ಮರಾಠಿಯದೂ ಅಲ್ಲ, ಮೂಲದಲ್ಲಿ ಪೋರ್ಚುಗೀಸರದೂ ಅಲ್ಲ. ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿದ್ದ ತಾಯಿನೊ ಎಂಬ ಜನ ತಮ್ಮ ಸಿಹಿಗೆಣಸಿಗೆ ಇಟ್ಟಿದ್ದ ಹೆಸರು ಬತಾತಾ. ಯುರೋಪಿನವರು ಗೆಣಸಿನ ಹೆಸರನ್ನು ಪೆರು ದೇಶದ ಬೇರೊಂದು ಗಡ್ಡೆಗೆ ಅಂಟಿಸಿದರು. ಗೋವೆಯ ಹಡಗುಕಟ್ಟೆಯಲ್ಲಿ ಇಳಿದ ಆ ಹೆಸರು ಘಟ್ಟ ಹತ್ತಿ ನಮ್ಮ ಕಡೆಗೆ ಬಂತು.

ಕೇಳುಗರೆ, ಇವತ್ತು ಆ ಜನರ ಬಗ್ಗೆ ಮಾತಾಡುತ್ತೇನೆ. ಕೊಲಂಬಸನನ್ನು ದಡದಲ್ಲಿ ನಿಂತು ಮೊದಲು ಕಂಡವರು ಅವರು. ಅವರು ಪೂರ್ತಿ ಅಳಿದುಹೋದರು ಎಂದು ನಮ್ಮ ಕಾಲದ ಪಠ್ಯಪುಸ್ತಕಗಳೂ ಬರೆದವು. ಆ ಮಾತಿನ ಬಗ್ಗೆ ನನಗೊಂದು ತಕರಾರಿದೆ, ಅದಕ್ಕೆ ಕೊನೆಗೆ ಬರುತ್ತೇನೆ.

1492ರ ಅಕ್ಟೋಬರ್ 12. ಬಹಾಮಾ ದ್ವೀಪಗಳಲ್ಲೊಂದು. ಅಲ್ಲಿಯವರು ಅದನ್ನು ಗ್ವಾನಹಾನಿ ಎನ್ನುತ್ತಿದ್ದರು. ಕೊಲಂಬಸ್ ಇಳಿದ ದಿನವೇ ಅದಕ್ಕೆ ಸಾನ್ ಸಾಲ್ವಡೋರ್ ಎಂದು ಹೊಸ ಹೆಸರಿಟ್ಟ. ತಾನು ಏಷ್ಯಾದ ಅಂಚಿಗೆ, ಅಂದರೆ ನಮ್ಮ ನೆರೆಹೊರೆಗೆ ಬಂದಿದ್ದೇನೆ ಎಂದು ಅವನ ನಂಬಿಕೆ. ಆದ್ದರಿಂದಲೇ ಆ ಜನ ಇಂಡಿಯನ್ನರಾದರು. ಚೀನಾದ ಮಹಾಖಾನನಿಗೆಂದು ಪತ್ರವನ್ನೂ ಹೊತ್ತು ತಂದಿದ್ದ. ದುಭಾಷಿಯಾಗಿ ಬಂದಿದ್ದವನು ಲೂಯಿಸ್ ದೆ ತೋರೆಸ್. ಹೀಬ್ರೂ ಬಲ್ಲವನು, ಅರಾಮಿಕ್ ಬಲ್ಲವನು, ಒಂದಿಷ್ಟು ಅರಬ್ಬಿಯೂ ಬರುತ್ತಿತ್ತು. ಕ್ಯೂಬಾದ ಒಳನಾಡಿಗೆ ಖಾನನನ್ನು ಹುಡುಕಿಕೊಂಡು ಬಾ ಎಂದು ಅವನನ್ನು ಕಳಿಸಿದರೆ, ಪಾಪ, ಹೋದವನಿಗೆ ಕಂಡದ್ದು ಐವತ್ತು ಮನೆಗಳ ಒಂದು ಊರು. ದಾರಿಯಲ್ಲಿ ಗಂಡಸರು ಹೆಂಗಸರು ಒಣಗಿದ ಎಲೆ ಸುತ್ತಿ, ತುದಿಗೆ ಕೆಂಡ ತಾಗಿಸಿ, ಹೊಗೆ ಎಳೆಯುತ್ತಿದ್ದರು. ಯುರೋಪಿನವರು ಬೀಡಿ ಸೇದುವುದನ್ನು ಕಂಡದ್ದು ಹೀಗೆ, ಅರಬ್ಬಿ ದುಭಾಷಿಯ ಕಣ್ಣಿನಿಂದ.

ಆ ಎಲೆ ನಮ್ಮಲ್ಲಿಗೂ ಬಂತು, ಅದೂ ನಮ್ಮ ಬಿಜಾಪುರದ ಬಾಗಿಲಿನಿಂದ. 1600ರ ನಂತರದ ಮೊದಲ ವರ್ಷಗಳಲ್ಲಿ ಅಕ್ಬರನ ಕಡೆಯಿಂದ ಆದಿಲಶಾಹಿ ದರಬಾರಿಗೆ ಹೋಗಿದ್ದ ಅಸದ್ ಬೇಗ್ ಮರಳುವಾಗ ಬಿಜಾಪುರದಿಂದ ತಂಬಾಕು, ಚಿಲುಮೆ ಕೊಂಡೊಯ್ದು ಬಾದಶಹನ ಮುಂದಿಟ್ಟ. ವೈದ್ಯರು ಬೇಡ ಬೇಡ ಎಂದರೂ ಅಕ್ಬರ್ ಎರಡು ಮೂರು ದಮ್ಮು ಎಳೆದು ನೋಡಿದನಂತೆ. ಹೆಚ್ಚಿನ ವಿದ್ವಾಂಸರ ಪ್ರಕಾರ ತಂಬಾಕು ಎಂಬುದೂ ತಾಯಿನೊ ಮಾತೇ.

ಆದರೆ ಗ್ವಾನಹಾನಿಯ ದಡಕ್ಕೆ ಮರಳೋಣ. ಅಲ್ಲಿ ಕೈ ಬದಲಾದ ಒಂದು ಪುಟ್ಟ ವಸ್ತುವನ್ನು ನಿಮಗೆ ತೋರಿಸಬೇಕು.

ಕೊಲಂಬಸ್ ಉಡುಗೊರೆಗೆಂದು ಗಾಜಿನ ಮಣಿ, ಕೆಂಪು ಟೋಪಿ, ಮತ್ತೆ ಗೆಜ್ಜೆ ತಂದಿದ್ದ. ಬೇಟೆಗೆ ಬಿಡುವ ಗಿಡುಗದ ಕಾಲಿಗೆ ಯುರೋಪಿನಲ್ಲಿ ಹಿತ್ತಾಳೆಯ ಗೆಜ್ಜೆ ಕಟ್ಟುತ್ತಿದ್ದರು. ಹಾರಿದ ಹಕ್ಕಿ ಎಲ್ಲಿದೆ ಎಂದು ಸದ್ದಿನಿಂದ ತಿಳಿಯಲಿ ಎಂದು. ನಮ್ಮ ಎತ್ತಿನ ಕೊರಳಿನ ಗೆಜ್ಜೆಯದೇ ಬಗೆ, ಅದಕ್ಕಿಂತ ಚಿಕ್ಕದು. ತಾಯಿನೊ ಜನಕ್ಕೆ ಅದರ ಹುಚ್ಚೇ ಹಿಡಿಯಿತು. ಅವರಲ್ಲಿ ಚಿನ್ನವಿತ್ತು, ಹಿತ್ತಾಳೆ ಇರಲಿಲ್ಲ. ಹಿತ್ತಾಳೆಯನ್ನು ಅವರು ಮೂಗಿಗೆ ಹಿಡಿದು ಮೂಸಿ ನೋಡುತ್ತಿದ್ದರು ಎಂದು ಆ ಕಾಲದವರು ಬರೆದಿದ್ದಾರೆ. ಅದಕ್ಕೆ ಅವರು ಕೊಟ್ಟ ಹೆಸರು ತುರೇ. ತುರೇ ಎಂದರೆ ಆಕಾಶ. ಆಕಾಶದಿಂದ ಬಂದ ಲೋಹ, ಆಕಾಶದ ವಾಸನೆ. ಒಂದು ಗೆಜ್ಜೆಗೆ ಕೈತುಂಬ ಬಂಗಾರ ಕೊಟ್ಟು, ಎಲ್ಲಿ ಮನಸ್ಸು ಬದಲಿಸಿಬಿಡುತ್ತಾರೋ ಎಂದು ಓಡಿಹೋಗುವವರೂ ಇದ್ದರು. ಸ್ಪೇನಿನವರು ಇದನ್ನು ಹೇಳಿಕೊಂಡು ನಕ್ಕರು. ದಡ್ಡರು ಯಾರು ಎಂಬುದು ತಕ್ಕಡಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಹೋಗುತ್ತದೆ.

ಈ ಗೆಜ್ಜೆಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಡಿಸೆಂಬರಿನಲ್ಲಿ ಹಡಗುಗಳು ಒಂದು ದೊಡ್ಡ ದ್ವೀಪಕ್ಕೆ ಬಂದವು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಎರಡೂ ಇರುವ ದ್ವೀಪ. ಕೊಲಂಬಸ್ ಅದನ್ನು ಹಿಸ್ಪನಿಯೋಲಾ ಎಂದು ಕರೆದ. ಅಲ್ಲಿ ಐದು ದೊಡ್ಡ ಸೀಮೆಗಳು, ಒಂದೊಂದಕ್ಕೂ ಒಬ್ಬ ಕಾಸೀಕ್, ನಾವು ನಾಯಕ ಅನ್ನಬಹುದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಸಾಂತಾ ಮರಿಯಾ ಹಡಗು ದಿಬ್ಬಕ್ಕೆ ಸಿಕ್ಕಿ ಒಡೆಯಿತು. ಉತ್ತರ ಸೀಮೆಯ ನಾಯಕ ಗ್ವಾಕನಗರಿ ತನ್ನ ಜನರನ್ನೆಲ್ಲ ದೋಣಿ ಸಮೇತ ಕಳಿಸಿ ಸಾಮಾನು ಇಳಿಸಿಕೊಟ್ಟ. ಒಂದು ಚೂರೂ ಕಳವಾಗಲಿಲ್ಲ ಎಂದು ಕೊಲಂಬಸನೇ ದಿನಚರಿಯಲ್ಲಿ ಬರೆದುಕೊಂಡ. ಅದೇ ದಿನಚರಿಯಲ್ಲಿ ಎರಡು ತಿಂಗಳ ಹಿಂದೆ ಇನ್ನೊಂದು ಲೆಕ್ಕವನ್ನೂ ಬರೆದಿದ್ದ: ಐವತ್ತು ಆಳು ಸಾಕು, ಇವರನ್ನೆಲ್ಲ ಅಡಿಯಾಳಾಗಿಸಬಹುದು.

ಒಡೆದ ಹಡಗಿನ ಮರದಿಂದ ಕೋಟೆ ಕಟ್ಟಿಸಿ, 39 ಮಂದಿಯನ್ನು ಅಲ್ಲಿ ಬಿಟ್ಟು ಕೊಲಂಬಸ್ ಸ್ಪೇನಿಗೆ ಮರಳಿದ. ಮುಂದಿನ ವರ್ಷದ ನವೆಂಬರಿನಲ್ಲಿ 17 ಹಡಗು, ಸಾವಿರಕ್ಕೂ ಹೆಚ್ಚು ಜನ, ಕುದುರೆ, ಹಂದಿ, ಕಬ್ಬಿನ ತುಂಡುಗಳೊಂದಿಗೆ ಬಂದಾಗ ಕೋಟೆ ಸುಟ್ಟು ಬೂದಿಯಾಗಿತ್ತು, ಒಬ್ಬನೂ ಬದುಕಿರಲಿಲ್ಲ. ಬಿಟ್ಟು ಹೋದವರು ತಮ್ಮತಮ್ಮಲ್ಲೇ ಕಚ್ಚಾಡಿ, ಊರೂರಿಗೆ ನುಗ್ಗಿ ಬಂಗಾರ, ಹೆಣ್ಣು ಕಿತ್ತುಕೊಳ್ಳತೊಡಗಿದ್ದರು. ಒಳನಾಡಿನ ನಾಯಕ ಕವೊನಾಬೊ ಬಂದು ಲೆಕ್ಕ ಚುಕ್ತಾ ಮಾಡಿದ್ದ.

ಆ ಕವೊನಾಬೊನನ್ನು ಹಿಡಿದ ಬಗೆಯನ್ನು ಪಾದ್ರಿ ಲಾಸ್ ಕಾಸಾಸ್ ಬರೆದಿಟ್ಟಿದ್ದಾನೆ. ಒಹೇದಾ ಎಂಬ ಸರದಾರ ಥಳಥಳ ತಿಕ್ಕಿದ ಕೋಳಗಳನ್ನು ತೆಗೆದುಕೊಂಡು ಹೋದ. ಇವು ನಮ್ಮ ಅರಸರು ತೊಡುವ ಕಡಗ, ಆಕಾಶದ ಲೋಹದ್ದು, ತೊಟ್ಟುಕೊಂಡು ಕುದುರೆ ಏರಿ ಎಂದ. ನಾಯಕ ಕೈಕೊಟ್ಟ. ಬೀಗ ಬಿತ್ತು. ಸ್ಪೇನಿಗೆ ಸಾಗಿಸುವಾಗ ದಾರಿಯಲ್ಲೇ ಸತ್ತ.

ಇಷ್ಟು ಹೊತ್ತಿಗೆ ಕೊಲಂಬಸನ ಮೇಲೆ ಸಾಲದ ಒತ್ತಡ. ಹದಿನೇಳು ಹಡಗಿನ ಖರ್ಚು ಹುಟ್ಟಬೇಕು. ಅರಸನಿಗೆ ಬಂಗಾರದ ನಾಡು ಎಂದು ಮಾತು ಕೊಟ್ಟಾಗಿದೆ. ಹೊಳೆಯ ಮರಳಿನಲ್ಲಿ ಚೂರುಪಾರು ಬಂಗಾರ ಸಿಗುತ್ತಿತ್ತು, ರಾಶಿ ಇರಲಿಲ್ಲ. ಆಗ ಅವನು ಹೊರಡಿಸಿದ ಕಟ್ಟಳೆ ಹೀಗಿತ್ತು: ಬಂಗಾರ ಸಿಗುವ ಸೀಮೆಯಲ್ಲಿ 14 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಬಂಗಾರದ ಪುಡಿ ಒಪ್ಪಿಸಬೇಕು. ಬಂಗಾರ ಸಿಗದ ಕಡೆಯವರು ತಲೆಗೆ ಒಂದು ಮಣ ಹತ್ತಿ, ನಮ್ಮ ಲೆಕ್ಕದಲ್ಲಿ ಹನ್ನೊಂದು ಕಿಲೋ ಮೇಲೆ. ಕೊಟ್ಟವರ ಕೊರಳಿಗೆ ರಸೀತಿಯಂತೆ ಒಂದು ಬಿಲ್ಲೆ ಕಟ್ಟುತ್ತಿದ್ದರು. ಬಿಲ್ಲೆ ಇಲ್ಲದವನು ಸಿಕ್ಕರೆ ಶಿಕ್ಷೆ.

ಅದೇ ಗೆಜ್ಜೆ. ಮೂರು ವರ್ಷದ ಹಿಂದೆ ಕಿವಿಯ ಹತ್ತಿರ ಅಲ್ಲಾಡಿಸಿ ಮಕ್ಕಳಂತೆ ನಗುತ್ತಿದ್ದ ಗೆಜ್ಜೆ. ಈಗ ಅಳತೆಯ ಪಾವು.

ಈ ಗೆಜ್ಜೆಗೆ ಸಿಕ್ಕಿಬಿದ್ದವರ ಪೈಕಿ ಗ್ವಾರಿಯೊನೆಕ್ಸ್ ಎಂಬ ನಾಯಕ ಒಂದು ಪರ್ಯಾಯ ಮುಂದಿಟ್ಟ. ನಮ್ಮವರಿಗೆ ಬಂಗಾರ ಜಾಲಿಸುವ ಕಸುಬು ಗೊತ್ತಿಲ್ಲ. ಬದಲಿಗೆ ಈ ಕಡಲಿನಿಂದ ಆ ಕಡಲಿನವರೆಗೆ ಹೊಲ ಮಾಡಿಕೊಡುತ್ತೇವೆ, ನಿಮ್ಮ ಕಸ್ತೀಲ್ಯ ರಾಜ್ಯವೆಲ್ಲ ಉಂಡರೂ ಮಿಗುವಷ್ಟು ಬೆಳೆಯುತ್ತೇವೆ ಎಂದ. ಕೊಲಂಬಸ್ ಒಪ್ಪಲಿಲ್ಲ. ಈ ಮಾತನ್ನು ಓದಿದಾಗಲೆಲ್ಲ ನನಗೆ ಅವ್ವನ ಪ್ರಶ್ನೆ ನೆನಪಾಗುತ್ತದೆ. ಬೆಳೆಯುವವನು ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೇ ಮುಂದಿಟ್ಟಿದ್ದ. ಮುಂದೆ ಅವನ ದ್ವೀಪಗಳ ಕಾಯಿಪಲ್ಲೆ ಗಡ್ಡೆಗೆಣಸು ಅರ್ಧ ಭೂಮಿಯ ಹೊಟ್ಟೆ ತುಂಬಿಸಿತು, ಅವನಿಗೆ ಆ ಬಂಗಾರವನ್ನು ತೂಗುವ ತಕ್ಕಡಿ ಸಿಗಲಿಲ್ಲ.

ಆ ಬೇಸಾಯ ಎಂಥದ್ದಾಗಿತ್ತು ಎಂದು ತುಸು ಹತ್ತಿರದಿಂದ ನೋಡಬೇಕು. ತಾಯಿನೊ ಹೊಲಕ್ಕೆ ಕೊನೂಕೊ ಎಂದು ಹೆಸರು. ಮಣ್ಣನ್ನು ಮೊಣಕಾಲೆತ್ತರಕ್ಕೆ ಗುಡ್ಡೆ ಹಾಕಿ ಸಾಲಾಗಿ ದಿಬ್ಬ ಮಾಡುತ್ತಿದ್ದರು. ಮಳೆ ಹೆಚ್ಚಾದರೆ ನೀರು ಬಸಿದುಹೋಗುತ್ತದೆ, ಕಡಿಮೆಯಾದರೆ ಒಳಗೆ ತೇವ ನಿಲ್ಲುತ್ತದೆ. ದಿಬ್ಬದ ಮೇಲೆ ಮರಗೆಣಸಿನ ಕಡ್ಡಿ, ಜೊತೆಗೆ ಬತಾತಾ, ಅವರೆ ಜಾತಿಯ ಕಾಳು, ಶೇಂಗಾ. ನೇಗಿಲಿಲ್ಲ, ಎತ್ತಿಲ್ಲ, ಸುಟ್ಟು ಚೂಪು ಮಾಡಿದ ಒಂದು ಕೋಲು.

ಅವರು ಬೆಳೆಯುತ್ತಿದ್ದ ಕಹಿ ಮರಗೆಣಸು ಹಸಿಯಾಗಿ ತಿಂದರೆ ವಿಷ. ಅದರಲ್ಲಿ ಸಯನೈಡ್ ಇರುತ್ತದೆ. ಹೆಂಗಸರು ಅದನ್ನು ಕಲ್ಲಿನ ಚೂರು ನೆಟ್ಟ ಹಲಗೆಗೆ ಉಜ್ಜಿ ತುರಿಯುತ್ತಿದ್ದರು. ತುರಿಯನ್ನು ಸಿಬುಕಾನ್ ಎಂಬ ಹೆಣೆದ ಉದ್ದ ಚೀಲಕ್ಕೆ ತುಂಬುತ್ತಿದ್ದರು. ಚೀಲದ ಮೇಲ್ತುದಿ ಮರದ ಕೊಂಬೆಗೆ, ಕೆಳತುದಿಗೆ ಭಾರ. ಎಳೆದಷ್ಟೂ ಚೀಲ ಸಣ್ಣಗಾಗಿ ಹಿಂಡುತ್ತದೆ, ವಿಷದ ರಸ ತೊಟ್ಟಿಕ್ಕುತ್ತದೆ. ಆ ರಸವನ್ನೂ ಚೆಲ್ಲುತ್ತಿರಲಿಲ್ಲ, ಚೆನ್ನಾಗಿ ಕುದಿಸಿದರೆ ವಿಷ ಹಾರಿಹೋಗಿ ಅಡುಗೆಗೆ ಬರುತ್ತದೆ. ಉಳಿದ ಹಿಟ್ಟನ್ನು ಬುರೆನ್ ಎಂಬ ದಪ್ಪ ಮಣ್ಣಿನ ಹಂಚಿನ ಮೇಲೆ ನೀರಿಲ್ಲದೆ, ಎಣ್ಣೆಯಿಲ್ಲದೆ ಹರಡಿ ಬೇಯಿಸಿದರೆ ಕಸಾಬೆ ರೊಟ್ಟಿ. ನಮ್ಮ ಕಟಕ ರೊಟ್ಟಿಯ ಹಾಗೆ ಗರಿಗರಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಸ್ಪೇನಿನ ಗೋಧಿ ಆ ಸೆಕೆಗೆ ಬೆಳೆಯಲಿಲ್ಲ. ಮುಂದೆ ಕ್ಯೂಬಾಕ್ಕೆ, ಮೆಕ್ಸಿಕೋಕ್ಕೆ ದಂಡು ಹೊರಟಾಗ ಹಡಗಿನ ಉಗ್ರಾಣದಲ್ಲಿ ತುಂಬಿದ್ದು ಈ ರೊಟ್ಟಿಯೇ. ಗೆದ್ದವರ ಬುತ್ತಿಯನ್ನು ಸೋತವರ ಹಂಚಿನ ಮೇಲೇ ಬೇಯಿಸಿದ್ದು.

ಈಗ ಯೋಚಿಸಿ, ಇಂಥ ಬೇಸಾಯ ಬೇಡುವುದು ಕೈಗಳನ್ನು, ದಿನಗಳನ್ನು. ಕೈಗಳೆಲ್ಲ ಹೊಳೆಯಲ್ಲಿ ಮರಳು ಜಾಲಿಸುತ್ತ ನಿಂತರೆ ದಿಬ್ಬ ಕಟ್ಟುವವರು ಯಾರು? ಕಟ್ಟಿದ ದಿಬ್ಬಕ್ಕೆ ಸ್ಪೇನಿನ ಹಂದಿಗಳು ನುಗ್ಗಿ ಗೆಡ್ಡೆ ಕಿತ್ತು ತಿಂದವು. ಕೆಲವು ಕಡೆ ಜನ ತಾವೇ ಹೊಲ ಕೆಡಿಸಿ ಬೆಟ್ಟ ಸೇರಿದರು, ಊಟ ಸಿಗದಿದ್ದರೆ ಇವರು ಹಡಗು ಹತ್ತಿ ಹೋದಾರು ಎಂಬ ಆಸೆಯಿಂದ. ಸ್ಪೇನಿನವರು ಹಸಿದರು, ಆದರೆ ಹೋಗಲಿಲ್ಲ. ಬೆಟ್ಟದಲ್ಲಿ ಸತ್ತವರೇ ಹೆಚ್ಚು.

1495ರ ಆರಂಭದಲ್ಲಿ ಬಂಗಾರದ ಬದಲು ಮನುಷ್ಯರನ್ನೇ ಹಡಗಿಗೆ ತುಂಬುವ ಯೋಚನೆ ಬಂತು. ಕೊಲಂಬಸನ ಗೆಳೆಯ ಮಿಕೆಲೆ ದ ಕುನಿಯೊ ಕಣ್ಣಾರೆ ಕಂಡು ಬರೆದ ಪತ್ರ ಉಳಿದಿದೆ. ಸಾವಿರದ ಆರುನೂರು ಜನರನ್ನು ಹಿಡಿದು ತಂದರು, 550 ಮಂದಿಯನ್ನು ಆರಿಸಿ ಹಡಗು ಹತ್ತಿಸಿದರು. ಸುಮಾರು 200 ಮಂದಿ ದಾರಿಯಲ್ಲಿ ಸತ್ತರು, ಕಡಲಿಗೆ ಎಸೆದೆವು ಎಂದು ಬರೆಯುತ್ತಾನೆ. ಉಳಿದವರಲ್ಲಿ ಬೇಕಾದವರನ್ನು ಇಟ್ಟುಕೊಂಡ ಮೇಲೆ ಮಿಕ್ಕವರಿಗೆ ಹೋಗಿ ಎಂದರಂತೆ. ಮತ್ತೆ ಎಲ್ಲಿ ಹಿಡಿಯುತ್ತಾರೋ ಎಂದು ತಾಯಂದಿರು ಹಾಲುಗೂಸುಗಳನ್ನು ನೆಲದ ಮೇಲೇ ಬಿಟ್ಟು ಓಡಿದರು. ಈ ಕುನಿಯೊ ಮರುಕದ ಮನುಷ್ಯನೇನಲ್ಲ, ಬೇರೆ ಕಡೆ ಅವನೇ ಮಾಡಿದ ಕ್ರೌರ್ಯವನ್ನು ಜಂಬದಿಂದ ಬರೆದುಕೊಂಡಿದ್ದಾನೆ. ಅಂಥವನ ಲೇಖನಿಯಿಂದಲೂ ಈ ಸಾಲು ಜಾರಿಬಿದ್ದಿದೆ.

ಮುಂದಿನ ಹದಿನೈದು ವರ್ಷಗಳನ್ನು ಬೇಗ ದಾಟುತ್ತೇನೆ. ಹಳ್ಳಿಗೆ ಹಳ್ಳಿಯನ್ನೇ ಒಬ್ಬೊಬ್ಬ ಸ್ಪೇನಿನವನಿಗೆ ದುಡಿಮೆಗೆ ಹಂಚಿಕೊಡುವ ಪದ್ಧತಿ ಬಂತು, ಅದರ ಹೆಸರು ಎಂಕೊಮಿಯೆಂದಾ. ಇವರ ಆತ್ಮದ ಉದ್ಧಾರಕ್ಕೆ ಎಂದು ಕಾಗದದ ಮೇಲಿತ್ತು. 1503ರಲ್ಲಿ ಗವರ್ನರ್ ಓವಾಂದೊ ಪಶ್ಚಿಮದ ಹರಾಗ್ವಾ ಸೀಮೆಗೆ ಹೋದ. ಅಲ್ಲಿ ಆಳುತ್ತಿದ್ದವಳು ಅನಕವೋನಾ, ಕವೊನಾಬೊನ ವಿಧವೆ, ಹಾಡು ಕಟ್ಟುವುದರಲ್ಲಿ ಹೆಸರಾದವಳು. ನೆರೆಯ ನಾಯಕರನ್ನೆಲ್ಲ ಕರೆಸಿ ಅತಿಥಿಗೆ ಹಾಡು ಕುಣಿತದ ಸತ್ಕಾರ ಮಾಡಿದಳು. ಓವಾಂದೊ ಸನ್ನೆ ಮಾಡಿದ. ನಾಯಕರನ್ನು ಮನೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟರು. ಅನಕವೋನಾಳನ್ನು ಸಾಂತೊ ದೊಮಿಂಗೊಕ್ಕೆ ಒಯ್ದು ಗಲ್ಲಿಗೇರಿಸಿದರು. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತೇವಲ್ಲ, ಆ ಗಾದೆಯೂ ಇಲ್ಲಿ ಸಣ್ಣದಾಯಿತು.

1511ರ ಡಿಸೆಂಬರ್, ಕ್ರಿಸ್‌ಮಸ್ ಹಿಂದಿನ ಭಾನುವಾರ. ಸಾಂತೊ ದೊಮಿಂಗೊದ ಇಗರ್ಜಿಯಲ್ಲಿ ಊರಿನ ದೊಡ್ಡವರೆಲ್ಲ ಕೂತಿದ್ದರು. ಕೊಲಂಬಸನ ಮಗ, ಆಗಿನ ಗವರ್ನರ್ ದಿಯೇಗೊ ಕೂಡ ಇದ್ದ. ಆಂತೋನಿಯೊ ದೆ ಮೊಂತೆಸಿನೋಸ್ ಎಂಬ ಸನ್ಯಾಸಿ ಪೀಠ ಹತ್ತಿ ನೇರ ಕೇಳಿದ: ಯಾವ ಹಕ್ಕಿನಿಂದ ಈ ಜನರನ್ನು ಹೀಗೆ ದುಡಿಸಿ ಕೊಲ್ಲುತ್ತಿದ್ದೀರಿ, ಇವರು ಮನುಷ್ಯರಲ್ಲವೆ? ಊರು ಕೆರಳಿತು. ಮುಂದಿನ ವಾರ ಮಾತು ಹಿಂತೆಗೆದುಕೊಳ್ಳಬೇಕು ಎಂದು ಮಠಕ್ಕೆ ಹೋಗಿ ಪಟ್ಟು ಹಿಡಿದರು. ಮುಂದಿನ ಭಾನುವಾರ ಇಗರ್ಜಿ ಕಿಕ್ಕಿರಿದಿತ್ತು. ಅವನು ಇನ್ನೂ ಖಾರವಾಗಿ ಹೇಳಿದ.

ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಕೂಡ ಆಗ ಹಳ್ಳಿ ಹಂಚಿಸಿಕೊಂಡ ಜಮೀನ್ದಾರನೇ. 1514ರಲ್ಲಿ ಎಲ್ಲ ಬಿಟ್ಟುಕೊಟ್ಟು, ಆಮೇಲಿನ ಐವತ್ತು ವರ್ಷ ಈ ಜನರ ಪರವಾಗಿ ಬರೆದ, ಅರಮನೆಯ ಮೆಟ್ಟಿಲು ಹತ್ತಿಳಿದ. ಅವನನ್ನು ಮಹಾತ್ಮ ಮಾಡಿ ಕೂರಿಸುವುದು ಸುಲಭ. ಆದರೆ ಇವರ ಬದಲಿಗೆ ಕರಿಯ ಗುಲಾಮರನ್ನು ತರಿಸಬಹುದು ಎಂದು ಮೊದಮೊದಲು ಸೂಚಿಸಿದವರಲ್ಲಿ ಅವನೂ ಒಬ್ಬ. ಮುದುಕನಾದ ಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ತನ್ನ ದೊಡ್ಡ ಇತಿಹಾಸ ಗ್ರಂಥದಲ್ಲಿ ಬರೆದ. ಆ ಗ್ರಂಥ ಅಚ್ಚಾದದ್ದು 1875ರಲ್ಲಿ. ಅಷ್ಟರಲ್ಲಿ ಹಡಗುಗಳು ತಮ್ಮ ಕೆಲಸ ಮುಗಿಸಿದ್ದವು.

ಈಗ ಲೆಕ್ಕದ ಮಾತು. ಕೊಲಂಬಸ್ ಬಂದಾಗ ದ್ವೀಪದಲ್ಲಿ ಎಷ್ಟು ಜನ? ಲಾಸ್ ಕಾಸಾಸ್ ಮೂವತ್ತು ಲಕ್ಷ ಎಂದ. ಆಮೇಲಿನವರು ಕೆಲವು ಲಕ್ಷ ಎಂದರು. 2020ರ ಕೊನೆಗೆ ನೇಚರ್ ಪತ್ರಿಕೆಯಲ್ಲಿ ಬಂದ, ಹಳೆಯ ಮೂಳೆಗಳ ಡಿಎನ್ಎ ಆಧರಿಸಿದ ಅಧ್ಯಯನವೊಂದು ಕೆಲವು ಹತ್ತು ಸಾವಿರ ಮಾತ್ರ ಎಂದಿತು. ಈ ಜಗಳ ತೀರುವಂಥದ್ದಲ್ಲ. ಆದರೆ ಇಳಿಜಾರು ಮಾತ್ರ ಸ್ಪಷ್ಟ. ಲಾಸ್ ಕಾಸಾಸ್ ಹೇಳುವಂತೆ 1508ರ ಗಣತಿಯಲ್ಲಿ ಉಳಿದವರು 60,000. 1514ರಲ್ಲಿ ಜನರನ್ನು ಹಂಚಲು ಮಾಡಿದ ಪಟ್ಟಿಯಲ್ಲಿ ಸುಮಾರು 26,000.

ಈಗ ಇನ್ನೊಂದು ತಾರೀಖು ಪಕ್ಕಕ್ಕಿಡಿ. ನಮ್ಮ ಕಡೆ ಮೈಲಿ ಬೇನೆ ಎನ್ನುತ್ತಿದ್ದ ಸಿಡುಬು ಆ ದ್ವೀಪಕ್ಕೆ ಬಂದದ್ದು 1518ರ ಡಿಸೆಂಬರಿನಲ್ಲಿ. ಮುಂದಿನ ಜನವರಿಯಲ್ಲಿ ಅಲ್ಲಿದ್ದ ಪಾದ್ರಿಗಳು ಅರಸನಿಗೆ ಬರೆದ ಪತ್ರದಲ್ಲಿ ಉಳಿದವರಲ್ಲಿ ಮೂರರಲ್ಲೊಂದು ಪಾಲು ಸತ್ತಿದ್ದಾರೆ ಎಂದಿದೆ. ಅಮೆರಿಕದ ಮೂಲನಿವಾಸಿಗಳನ್ನು ಕೊಂದದ್ದು ರೋಗಾಣು, ಯಾರೂ ಬೇಕೆಂದು ಮಾಡಿದ್ದಲ್ಲ ಎಂಬ ಮಾತು ಇತ್ತೀಚೆಗೆ ಬಹಳ ಕೇಳಿಬರುತ್ತದೆ. ಮೆಕ್ಸಿಕೋ, ಪೆರುವಿನ ಮಟ್ಟಿಗೆ ಅದರಲ್ಲಿ ನಿಜ ಬಹಳವಿದೆ. ಇಲ್ಲಿಗೂ ಮೊದಲ ಹಡಗುಗಳ ಜೊತೆ ಬೇರೆ ಜ್ವರಗಳು ಬಂದಿರಬೇಕು. ಆದರೂ ಸಿಡುಬು ದಡ ಮುಟ್ಟುವ ಹೊತ್ತಿಗೆ ಈ ದ್ವೀಪದ ಹಳ್ಳಿಗಳು ಬರಿದಾಗಿದ್ದವು. ಹೊಳೆಯಲ್ಲಿ ನಿಂತು, ಹೊಲ ಬೀಳುಬಿದ್ದು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ದುಡಿಯುತ್ತ, ಎದೆಹಾಲು ಬತ್ತಿ ಸತ್ತವರನ್ನು ರೋಗಾಣುವಿನ ಖಾತೆಗೆ ಬರೆಯಲಾಗದು.

ಬೆಟ್ಟ ಹತ್ತಿದವನೊಬ್ಬ ಗೆದ್ದ ಕಥೆಯನ್ನೂ ಹೇಳಬೇಕು. ಹರಾಗ್ವಾದ ಆ ಬೆಂಕಿಯಲ್ಲಿ ಬಂಧುಗಳನ್ನು ಕಳೆದುಕೊಂಡ ಒಬ್ಬ ಹುಡುಗನನ್ನು ಸನ್ಯಾಸಿಗಳು ಸಾಕಿ, ಓದು ಬರಹ ಕಲಿಸಿ, ಎನ್ರಿಕಿಯೊ ಎಂದು ಹೆಸರಿಟ್ಟರು. ದೊಡ್ಡವನಾದ ಮೇಲೆ ಅವನನ್ನೂ ಅವನ ಜನರನ್ನೂ ಒಬ್ಬ ಒಡೆಯನಿಗೆ ಹಂಚಿದರು. ಒಡೆಯ ಅವನ ಕುದುರೆ ಕಿತ್ತುಕೊಂಡ, ಹೆಂಡತಿ ಮೆನ್ಸಿಯಾಳ ಮೇಲೆ ಕೈಹಾಕಿದ. ಎನ್ರಿಕಿಯೊ ಕಲಿತವನಲ್ಲವೆ, ಕಾನೂನಿನ ದಾರಿ ಹಿಡಿದ. ಊರ ಅಧಿಕಾರಿಗೆ ದೂರು ಕೊಟ್ಟ, ಅಧಿಕಾರಿ ಅವನನ್ನೇ ಕೂಡಿಹಾಕಿದ. ಮೇಲಿನ ನ್ಯಾಯಾಲಯಕ್ಕೆ ಹೋದ, ಅವರು ಕಾಗದ ಕೊಟ್ಟು ಅದೇ ಅಧಿಕಾರಿಯ ಬಳಿಗೆ ತಿರುಗಿ ಕಳಿಸಿದರು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಈ ಸುತ್ತು ಹೊಸದಲ್ಲ.

1519ರಲ್ಲಿ ಅವನು ತನ್ನವರೊಂದಿಗೆ ಬಹೊರೂಕೊ ಬೆಟ್ಟ ಹತ್ತಿದ. ಹದಿನಾಲ್ಕು ವರ್ಷ ಇಳಿಯಲಿಲ್ಲ. ಕಬ್ಬಿನ ಗದ್ದೆಗಳಿಂದ ತಪ್ಪಿಸಿಕೊಂಡ ಆಫ್ರಿಕನ್ನರೂ ಬಂದು ಸೇರಿಕೊಂಡರು. ಹಿಡಿಯಲು ಬಂದ ಸೈನಿಕರ ಆಯುಧ ಕಸಿದುಕೊಂಡು ಜೀವಸಹಿತ ಬಿಟ್ಟು ಕಳಿಸಿದ ಪ್ರಸಂಗಗಳಿವೆ. ಕೊನೆಗೆ 1533ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಪತ್ರ ಹಿಡಿದ ದೂತ ಬೆಟ್ಟಕ್ಕೆ ಬಂದ. ಸಂಧಿಯಾಯಿತು. ಅವನ ಜನ ಯಾರ ಹಂಚಿಕೆಗೂ ಸೇರದೆ ಬದುಕಬಹುದು ಎಂದಾಯಿತು. ಎರಡು ವರ್ಷಕ್ಕೆ ಅವನು ತೀರಿಕೊಂಡ. ಡೊಮಿನಿಕನ್ ಗಣರಾಜ್ಯದ ಅತಿ ದೊಡ್ಡ ಸರೋವರಕ್ಕೆ ಇವತ್ತಿಗೂ ಅವನ ಹೆಸರಿದೆ.

ಇನ್ನು ನನ್ನ ತಕರಾರು. ಹದಿನಾರನೆಯ ಶತಮಾನದ ನಡುವಿಗೆ ಸ್ಪೇನಿನ ದಫ್ತರಗಳು ಇಂಡಿಯನ್ನರು ಮುಗಿದರು ಎಂದು ಬರೆಯತೊಡಗಿದವು. ಯಾರನ್ನು ಎಣಿಸಿದರು, ಯಾವ ಅಂಕಣದಲ್ಲಿ ಎಣಿಸಿದರು ಎಂದು ನೋಡಬೇಕು. ತಾಯಿನೊ ಹೆಣ್ಣು ಸ್ಪೇನಿನವನಿಗೋ ಆಫ್ರಿಕನ್ನನಿಗೋ ಮಗು ಹೆತ್ತರೆ ಆ ಮಗು ಬೇರೆ ಅಂಕಣಕ್ಕೆ ಹೋಗುತ್ತಿತ್ತು. ಬೆಟ್ಟದಲ್ಲಿದ್ದವರು ಯಾವ ಅಂಕಣಕ್ಕೂ ಸಿಗುತ್ತಿರಲಿಲ್ಲ. ಪೋರ್ಟೊ ರಿಕೊದ ವಿಜ್ಞಾನಿ ಹುವಾನ್ ಮಾರ್ತಿನೆಸ್ ಕ್ರೂಸಾದೊ ತಾಯಿಯಿಂದ ಮಕ್ಕಳಿಗೆ ಇಳಿಯುವ ಡಿಎನ್ಎಯನ್ನು ಪರೀಕ್ಷಿಸಿದಾಗ ಆ ದ್ವೀಪದವರಲ್ಲಿ ಶೇ. 61ರಷ್ಟು ಜನರ ತಾಯಿಬೇರು ಅಮೆರಿಕದ ಮೂಲನಿವಾಸಿಗಳಲ್ಲಿ ಕಂಡಿತು. ಅವ್ವನ ಅವ್ವ, ಅವಳ ಅವ್ವ ಎಂದು ಹಿಂದಕ್ಕೆ ಹೋದರೆ ಕೊನೆಗೆ ಹಂಚಿನ ಮುಂದೆ ಕೂತ ಒಬ್ಬ ತಾಯಿನೊ ಹೆಂಗಸು. ಬಹಾಮಾದ ಗುಹೆಯೊಂದರಲ್ಲಿ ಸಿಕ್ಕಿದ್ದ, ಸಾವಿರ ವರ್ಷ ಹಿಂದಿನ ಒಬ್ಬ ಹೆಂಗಸಿನ ಹಲ್ಲಿನ ಬಗ್ಗೆ 2018ರಲ್ಲಿ ಪ್ರಕಟವಾದ ಪರೀಕ್ಷೆಯೂ ಇಂದಿನ ಪೋರ್ಟೊ ರಿಕೊ ಜನರ ನಂಟನ್ನೇ ತೋರಿಸಿತು. ತಾವು ತಾಯಿನೊ ಎಂದು ಎದ್ದು ನಿಂತು ಹೇಳುವವರು ಈಗ ಆ ದ್ವೀಪಗಳಲ್ಲೂ ನ್ಯೂಯಾರ್ಕಿನಲ್ಲೂ ಇದ್ದಾರೆ.

ಹಾಗೆಂದು ಏನೂ ಆಗಲಿಲ್ಲ ಎನ್ನುವ ಹಾಗಿಲ್ಲ. ಅವರ ಭಾಷೆಯನ್ನು ಮನೆಮಾತಾಗಿ ಆಡುವವರು ಇಲ್ಲ. ಅವರ ಕಥೆಗಳಲ್ಲಿ ನಮಗೆ ಸಿಕ್ಕಿದ್ದು ರಮೋನ್ ಪಾನೆ ಎಂಬ ಬಡ ಸನ್ಯಾಸಿ ಅವರ ನಡುವೆ ಇದ್ದು, ಭಾಷೆ ಕಲಿತು, ಗೀಚಿಕೊಂಡಷ್ಟು. ಕಾಗದ ಸಾಲಲಿಲ್ಲ, ಅವಸರದಲ್ಲಿ ಬರೆದೆ, ಹಿಂದುಮುಂದಾಗಿರಬಹುದು ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆ ಮೂಲ ಪ್ರತಿಯೂ ಕಳೆದುಹೋಗಿ, 1571ರಲ್ಲಿ ವೆನಿಸಿನಲ್ಲಿ ಅಚ್ಚಾದ ಇಟಾಲಿಯನ್ ಅನುವಾದದಲ್ಲಿ ಉಳಿದಿದೆ. ಅದರಲ್ಲೊಂದು ಕಥೆ: ಒಬ್ಬ ತಂದೆ ಸತ್ತ ಮಗನ ಮೂಳೆಗಳನ್ನು ಸೋರೆಬುರುಡೆಯಲ್ಲಿಟ್ಟು ಸೂರಿಗೆ ತೂಗುಹಾಕಿದ. ಮೂಳೆಗಳು ಮೀನಾದವು. ಅವನಿಲ್ಲದಾಗ ಒಂದೇ ಹೆರಿಗೆಯಲ್ಲಿ ಹುಟ್ಟಿದ ನಾಲ್ವರು ಸೋದರರು ಬುರುಡೆ ಇಳಿಸಿ ಮೀನು ತಿನ್ನುತ್ತಿದ್ದರು. ಹೊರಗೆ ಸಪ್ಪಳ ಕೇಳಿ ಗಡಿಬಿಡಿಯಲ್ಲಿ ತೂಗುಹಾಕಹೋದಾಗ ಬುರುಡೆ ಬಿದ್ದು ಒಡೆಯಿತು. ಒಳಗಿನಿಂದ ನೀರು ಬಂತು, ಬಂತು, ಭೂಮಿ ತುಂಬಿತು. ಕಡಲು ಹುಟ್ಟಿದ್ದು ಹಾಗೆ.

ಹೆಸರಿನ ಮಾತು ಒಂದಿದೆ. ಗುಲಾಮರಾಗಿ ತಂದ ಆಫ್ರಿಕನ್ನರು ಹಿಸ್ಪನಿಯೋಲಾದ ಪಶ್ಚಿಮ ಭಾಗದಲ್ಲಿ ಫ್ರೆಂಚರನ್ನು ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದಾಗ ಹೊಸ ದೇಶಕ್ಕೆ ಹೆಸರು ಬೇಕಿತ್ತು. ಅವರ ನಾಯಕ ದೆಸಲೀನ್ ಫ್ರೆಂಚ್ ಹೆಸರನ್ನೂ ಸ್ಪೇನಿನ ಹೆಸರನ್ನೂ ಬದಿಗಿಟ್ಟ. ಆಫ್ರಿಕದ ಹೆಸರನ್ನೂ ಇಡಲಿಲ್ಲ. ತಾಯಿನೊ ಜನ ತಮ್ಮ ನೆಲವನ್ನು ಕರೆಯುತ್ತಿದ್ದ ಹೆಸರನ್ನು ಹುಡುಕಿ ಇಟ್ಟರು: ಹೈಟಿ, ಬೆಟ್ಟಗಳ ನಾಡು. ಸತ್ತವರ ಜಾಗಕ್ಕೆ ದುಡಿಯಲು ತಂದವರು ಅವರ ನೆಲದ ಹೆಸರನ್ನು ತಿರುಗಿ ನೆಲಕ್ಕೆ ಒಪ್ಪಿಸಿದರು.

2024ರ ಡಿಸೆಂಬರಿನಲ್ಲಿ ಯುನೆಸ್ಕೊ ಕಸಾಬೆ ರೊಟ್ಟಿ ಮಾಡುವ ವಿದ್ಯೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಹೈಟಿ, ಹೊಂಡುರಾಸ್, ವೆನೆಜುವೆಲಾ, ಐದು ದೇಶಗಳು ಕೂಡಿ ಕೇಳಿದ್ದವು. ಡೊಮಿನಿಕನ್ ಗಣರಾಜ್ಯದ ಮೋನ್ಸಿಯೊನ್ ಎಂಬ ಊರು ಈ ರೊಟ್ಟಿಗೆ ಹೆಸರುವಾಸಿ. ತುರಿಯಲು ಅಲ್ಲಿ ಈಗ ಯಂತ್ರ ಬಂದಿದೆ, ಹಿಂಡಲೂ ಬಂದಿದೆ. ಬೆಳ್ಳಗಿನ ಹಿಟ್ಟನ್ನು ಇಂದಿಗೂ ಕೈಯಿಂದಲೇ ದುಂಡಗೆ ಹರಡಿ, ಅಂಚು ಒತ್ತಿ, ತಿರುವಿ ಹಾಕುತ್ತಾರೆ. ಕೆಳಗಿನ ಹಂಚಿಗೆ ಅವರು ಹೇಳುವ ಹೆಸರು ಬುರೆನ್.